ಕಾಣುವ ಬೆಳಕು, ಕಾಣಗೊಡದ ಬೆಳಕು: ವಾಹನ ದೀಪಗಳ ಚರಿತ್ರೆ

ಕತ್ತಲಲ್ಲಿ ದಾರಿ ಕಾಣಲು ಬೆಳಕು ಬೇಕು. ಇದು ಯಾರಿಗೂ ಹೇಳಿಕೊಡಬೇಕಾದ ಸಂಗತಿಯಲ್ಲ. ಆದರೆ ಬೆಳಕು ಹೆಚ್ಚಾದಷ್ಟೂ ದಾರಿ ಹೆಚ್ಚು ಚೆನ್ನಾಗಿ ಕಾಣುತ್ತದೆಯೇ? ಈ ಪ್ರಶ್ನೆಗೆ ನಮ್ಮಲ್ಲಿ ಬಹುಮಂದಿ ಯೋಚಿಸದೆ 'ಹೌದು' ಎನ್ನುತ್ತೇವೆ. ಬಂಪರಿನ ಮೇಲೆ ಒಂದು ಜೊತೆ ದೀಪ, ಅದರ ಕೆಳಗೆ ಇನ್ನೊಂದು ಜೊತೆ, ಸಾಲದೆಂದು ಜೀಪಿನ ತಲೆಯ ಮೇಲೆ ಒಂದು ಸಾಲು ದೀಪಗಳನ್ನು ಹಾಕಿಸಿಕೊಳ್ಳುವುದರ ಹಿಂದೆ ಇರುವುದು ಇದೇ ನಂಬಿಕೆ. ವಾಹನ ದೀಪದ ನೂರಿಪ್ಪತ್ತೈದು ವರ್ಷಗಳ ಚರಿತ್ರೆಯನ್ನು ನೋಡಿದರೆ ಉತ್ತರ ಅಷ್ಟು ಸರಳವಲ್ಲ ಎಂದು ತಿಳಿಯುತ್ತದೆ. ದೀಪದ ಶಕ್ತಿಯನ್ನು ಹೆಚ್ಚಿಸುವುದು ತಂತ್ರಜ್ಞರಿಗೆ ಎಂದೂ ದೊಡ್ಡ ಸಮಸ್ಯೆಯಾಗಿರಲಿಲ್ಲ. ಆ ಬೆಳಕು ಎದುರಿನವರ ಕಣ್ಣಿಗೆ ಬೀಳದಂತೆ ತಡೆಯುವುದು ಹೇಗೆ ಎಂಬುದೇ ಅವರನ್ನು ಇಂದಿಗೂ ಕಾಡುತ್ತಿರುವ ಸಮಸ್ಯೆ.

ಎಣ್ಣೆಯಿಂದ ಕಾರ್ಬೈಡಿಗೆ

ಕಾರ್ಲ್ ಬೆಂಜ್ ತನ್ನ ಮೋಟಾರು ಬಂಡಿಗೆ ಪೇಟೆಂಟ್ ಪಡೆದದ್ದು 1886ರಲ್ಲಿ. ಆ ಕಾಲದ ಮೋಟಾರು ವಾಹನಗಳಿಗೆ ತಮ್ಮದೇ ಆದ ದೀಪಗಳಿರಲಿಲ್ಲ. ಕುದುರೆ ಸಾರೋಟಿನ ಮೇಣದಬತ್ತಿ ಮತ್ತು ಸೀಮೆಎಣ್ಣೆ ಲಾಂದ್ರಗಳೇ ಅವುಗಳಿಗೂ ಬಂದವು. ಈ ಲಾಂದ್ರಗಳಿಂದ ರಸ್ತೆ ಕಾಣುತ್ತಿರಲಿಲ್ಲ. 'ಇಲ್ಲೊಂದು ಬಂಡಿ ಬರುತ್ತಿದೆ' ಎಂದು ಉಳಿದವರಿಗೆ ತಿಳಿಯುತ್ತಿತ್ತು, ಅಷ್ಟೇ. ವೇಗವೂ ಕಡಿಮೆಯಿದ್ದುದರಿಂದ ಅಷ್ಟು ಸಾಕಾಗಿತ್ತು. ವಾಹನದ ದೀಪಕ್ಕೆ ನೋಡುವುದು ಮತ್ತು ಕಾಣಿಸಿಕೊಳ್ಳುವುದು ಎಂಬ ಎರಡು ಕೆಲಸಗಳಿವೆ. ಈ ವ್ಯತ್ಯಾಸವನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

1892ರಲ್ಲಿ ಥಾಮಸ್ ವಿಲ್ಸನ್ ಅಮೆರಿಕದಲ್ಲಿ ವಿದ್ಯುತ್ ಕುಲುಮೆಯಲ್ಲಿ ಕ್ಯಾಲ್ಸಿಯಂ ಕಾರ್ಬೈಡನ್ನು ಅಗ್ಗವಾಗಿ ತಯಾರಿಸುವ ದಾರಿ ಕಂಡುಕೊಂಡ. ಕಾರ್ಬೈಡಿನ ಮೇಲೆ ನೀರು ತೊಟ್ಟಿಕ್ಕಿಸಿದರೆ ಅಸಿಟಿಲೀನ್ ಅನಿಲ ಹೊರಬರುತ್ತದೆ. ಅದು ಉರಿದಾಗ ಬರುವ ಬಿಳುಪಾದ ಪ್ರಖರ ಬೆಳಕನ್ನು ಹಿಂದೆ ಜಾತ್ರೆಯ ಅಂಗಡಿಗಳಲ್ಲಿ ಕಂಡವರು ನಮ್ಮಲ್ಲಿ ಇನ್ನೂ ಇದ್ದಾರೆ. ಈ ಜ್ವಾಲೆಯ ಹಿಂದೆ ಒಂದು ನಿಮ್ನ ದರ್ಪಣವನ್ನಿಟ್ಟಾಗ ಮೊದಲ ಬಾರಿಗೆ ರಸ್ತೆಯನ್ನು ನಿಜವಾಗಿ ಬೆಳಗಿಸುವ ಹೆಡ್‌ಲೈಟ್ ಸಿದ್ಧವಾಯಿತು.

ವಿದ್ಯುತ್ ದೀಪ ಬಂದದ್ದು ಸ್ವಲ್ಪ ತಡವಾಗಿ. 1898ರಲ್ಲೇ ಕೊಲಂಬಿಯಾ ಎಂಬ ಬ್ಯಾಟರಿ ಕಾರಿನಲ್ಲಿ ವಿದ್ಯುತ್ ದೀಪವಿತ್ತಾದರೂ ಆಗಿನ ಇಂಗಾಲದ ತಂತು ರಸ್ತೆಯ ಕುಲುಕಾಟವನ್ನು ತಾಳುತ್ತಿರಲಿಲ್ಲ. 1910ರ ವೇಳೆಗೆ ವಿಲಿಯಂ ಕೂಲಿಡ್ಜ್ ಟಂಗ್‌ಸ್ಟನ್ ಲೋಹವನ್ನು ಗಟ್ಟಿ ತಂತಿಯಾಗಿ ಎಳೆಯುವ ವಿಧಾನವನ್ನು ರೂಪಿಸಿದ. 1912ರ ಕ್ಯಾಡಿಲಾಕ್ ಕಾರಿನಲ್ಲಿ ಚಾರ್ಲ್ಸ್ ಕೆಟರಿಂಗ್‌ನ ಸ್ವಯಂಚಾಲಕ, ಡೈನಮೊ, ಬ್ಯಾಟರಿ ಮತ್ತು ದೀಪಗಳು ಒಂದೇ ವ್ಯವಸ್ಥೆಯಾಗಿ ಬಂದವು. ಗುಂಡಿ ಒತ್ತಿದರೆ ಬೆಳಕು! ಎದುರಿನಿಂದ ಬರುವವರ ಸಂಕಷ್ಟ ಶುರುವಾದದ್ದೂ ಆಗಲೇ. 1910ರ ದಶಕದಲ್ಲಿಯೇ ಅಮೆರಿಕದ ಹಲವು ರಾಜ್ಯಗಳು ಕಣ್ಣು ಕುಕ್ಕುವ ಹೆಡ್‌ಲೈಟುಗಳ ವಿರುದ್ಧ ಕಾನೂನು ಮಾಡಬೇಕಾಯಿತು.

'ಡಿಪ್' ಹುಟ್ಟಿದ ಬಗೆ

ಎದುರಿನಿಂದ ವಾಹನ ಬಂದಾಗ ಬೆಳಕನ್ನು ತಗ್ಗಿಸಬೇಕು. ಯೋಚನೆ ಸುಲಭ, ಮಾಡುವುದು ಹೇಗೆ? 1915ರಲ್ಲಿ ಅಮೆರಿಕದ ಗೈಡ್ ಲ್ಯಾಂಪ್ ಕಂಪೆನಿ ಬಾಗಿಸಬಹುದಾದ ದೀಪವನ್ನು ತಂದಿತು. ಆದರೆ ಬಾಗಿಸಲು ಚಾಲಕ ಗಾಡಿ ನಿಲ್ಲಿಸಿ ಕೆಳಗಿಳಿಯಬೇಕಿತ್ತು! 1917ರ ಕ್ಯಾಡಿಲಾಕ್‌ನಲ್ಲಿ ಒಳಗೇ ಕುಳಿತು ಸನ್ನೆಗೋಲನ್ನು ಎಳೆಯುವ ಅನುಕೂಲ ಬಂದಿತು.

ನಿಜವಾದ ಪರಿಹಾರ ಸಿಕ್ಕಿದ್ದು 1920ರ ದಶಕದ ನಡುಭಾಗದಲ್ಲಿ. ಒಂದೇ ಬುರುಡೆಯೊಳಗೆ ಎರಡು ತಂತುಗಳನ್ನಿಡುವ ಉಪಾಯವದು. ಜರ್ಮನಿಯ ಓಸ್ರಾಮ್ ಕಂಪೆನಿ ಇದಕ್ಕೆ 'ಬೈಲಕ್ಸ್' ಎಂದು ಹೆಸರಿಟ್ಟಿತು. ಇದರ ಹಿಂದಿರುವ ಭೌತವಿಜ್ಞಾನ ಸೊಗಸಾಗಿದೆ. ಪರವಲಯಾಕಾರದ ದರ್ಪಣದ ನಾಭಿಯಲ್ಲಿ ತಂತುವಿದ್ದರೆ ಬೆಳಕು ಸಮಾಂತರ ಕಿರಣಗಳಾಗಿ ನೇರ ಮುಂದಕ್ಕೆ ಹೋಗುತ್ತದೆ. ಇದು ದೂರದ ಬೆಳಕು, ಅಂದರೆ ಹೈ ಬೀಮ್. ಎರಡನೆಯ ತಂತುವನ್ನು ನಾಭಿಗಿಂತ ಸ್ವಲ್ಪ ಮುಂದೆ ಇಟ್ಟರೆ ದರ್ಪಣದ ಮೇಲರ್ಧದಿಂದ ಪ್ರತಿಫಲಿಸಿದ ಕಿರಣಗಳು ಕೆಳಕ್ಕೂ ಕೆಳ ಅರ್ಧದಿಂದ ಪ್ರತಿಫಲಿಸಿದವು ಮೇಲಕ್ಕೂ ಬಾಗುತ್ತವೆ. ಮೇಲಕ್ಕೆ ಹೋಗುವ ಕಿರಣಗಳು ಬೇಡವಷ್ಟೇ? ಅದಕ್ಕಾಗಿ ಆ ತಂತುವಿನ ಅಡಿಯಲ್ಲಿ ಒಂದು ಪುಟ್ಟ ಲೋಹದ ಬಟ್ಟಲನ್ನಿಟ್ಟು ದರ್ಪಣದ ಕೆಳ ಅರ್ಧಕ್ಕೆ ಬೆಳಕೇ ತಲುಪದಂತೆ ಮಾಡಿದರು. ಉಳಿದದ್ದು ಕೆಳಮುಖದ ಬೆಳಕು ಮಾತ್ರ. 1971ರಲ್ಲಿ ಬಂದು ನಮ್ಮ ದೇಶದ ಲಕ್ಷಾಂತರ ವಾಹನಗಳಲ್ಲಿ ಬಳಕೆಯಾದ ಎಚ್4 ಹ್ಯಾಲೊಜೆನ್ ಬುರುಡೆಯಲ್ಲಿಯೂ ಇದೇ ಬಟ್ಟಲನ್ನು ನೀವು ನೋಡಬಹುದು.

ಇಲ್ಲಿ ಒಂದು ಮಾತು. ಈ ಇಡೀ ಏರ್ಪಾಟು ತಂತುವಿನ ಸ್ಥಾನವನ್ನು ಅವಲಂಬಿಸಿದೆ. ಒಂದೆರಡು ಮಿಲಿಮೀಟರ್ ಆಚೀಚೆಯಾದರೂ ಬೆಳಕು ದಾರಿ ತಪ್ಪುತ್ತದೆ. ಹ್ಯಾಲೊಜೆನ್ ಬುರುಡೆಗೆಂದು ರೂಪಿಸಿದ ದರ್ಪಣದೊಳಗೆ ಮಾರುಕಟ್ಟೆಯಲ್ಲಿ ಸಿಗುವ ಯಾವುದೋ ಎಲ್‌ಇಡಿ ಬುರುಡೆಯನ್ನು ಸಿಕ್ಕಿಸಿದಾಗ ಆಗುವುದು ಇದೇ. ಬೆಳಕಿನ ಮೂಲದ ಆಕಾರ, ಗಾತ್ರ, ಸ್ಥಾನ ಎಲ್ಲವೂ ಬದಲಾಗಬಹುದು. ಚಾಲಕನಿಗೆ ರಸ್ತೆ ಬೆಳ್ಳಗೆ ಕಾಣುತ್ತದೆ, ಅವನು ಸಂತುಷ್ಟ. ಮೇಲಕ್ಕೆ ಚೆಲ್ಲಿದ ಬೆಳಕು ಅವನಿಗೆ ಕಾಣುವುದೇ ಇಲ್ಲ, ಏಕೆಂದರೆ ಅದು ಸೇರುವುದು ಬೇರೆಯವರ ಕಣ್ಣನ್ನು.

ಕಣ್ಣಿನೊಳಗಿನ ಪರದೆ

ಪ್ರಖರ ಬೆಳಕು ಕಣ್ಣಿಗೆ ಬಿದ್ದಾಗ ನಮಗೆ ಎದುರಿನದು ಕಾಣದಂತಾಗುವುದೇಕೆ? 1926ರಲ್ಲಿ ಹಾಲಡೇ ಎಂಬ ಅಮೆರಿಕನ್ ವಿಜ್ಞಾನಿ, 1929ರಲ್ಲಿ ಬ್ರಿಟನ್ನಿನ ಸ್ಟೈಲ್ಸ್ ಇದನ್ನು ಅಳೆದು ನೋಡಿದರು. ಕಣ್ಣಿನ ಮಸೂರ ಮತ್ತು ಒಳಗಿನ ದ್ರವಗಳು ಪರಿಪೂರ್ಣ ಪಾರದರ್ಶಕವಲ್ಲ. ಬದಿಯಿಂದ ಬಿದ್ದ ಬೆಳಕಿನ ಸ್ವಲ್ಪ ಭಾಗ ಅಲ್ಲೇ ಚದರಿ ಅಕ್ಷಿಪಟಲದ ಮೇಲೆಲ್ಲ ಹರಡುತ್ತದೆ. ನಾವು ನೋಡಬೇಕಾದ ದೃಶ್ಯದ ಮೇಲೆ ಬೆಳಕಿನದೇ ಒಂದು ತೆಳು ಪರದೆ ಎಳೆದಂತೆ! ಈ ಪರದೆಯ ಕಾಂತಿ, ಕಣ್ಣಿಗೆ ಬೀಳುವ ಬೆಳಕನ್ನು (ಲಕ್ಸ್‌ಗಳಲ್ಲಿ) ಹತ್ತರಿಂದ ಗುಣಿಸಿ, ನೋಟದ ದಿಕ್ಕಿಗೂ ದೀಪಕ್ಕೂ ನಡುವಣ ಕೋನದ (ಡಿಗ್ರಿಗಳಲ್ಲಿ) ವರ್ಗದಿಂದ ಭಾಗಿಸಿದರೆ ಸಿಗುತ್ತದೆ. ಇದನ್ನು ಸ್ಟೈಲ್ಸ್–ಹಾಲಡೇ ಸೂತ್ರ ಎನ್ನುತ್ತಾರೆ.

ಒಂದು ಲೆಕ್ಕ ಮಾಡಿ ನೋಡೋಣ. ಎದುರಿನ ವಾಹನ 50 ಮೀಟರ್ ದೂರದಲ್ಲಿದೆ, ನಿಮ್ಮ ನೋಟದ ರೇಖೆಯಿಂದ 3 ಮೀಟರ್ ಬದಿಗಿದೆ. ಕೋನ ಸುಮಾರು 3.4 ಡಿಗ್ರಿ. ಅದರ ದೀಪದಿಂದ ನಿಮ್ಮ ಕಡೆಗೆ 2500 ಕ್ಯಾಂಡೆಲಾ ಬೆಳಕು ಬರುತ್ತಿದ್ದರೆ, ವಿಲೋಮ ವರ್ಗ ನಿಯಮದಂತೆ ನಿಮ್ಮ ಕಣ್ಣಿಗೆ ಬೀಳುವುದು 1 ಲಕ್ಸ್. ಪರದೆಯ ಕಾಂತಿ ಚದರ ಮೀಟರಿಗೆ ಸುಮಾರು 0.9 ಕ್ಯಾಂಡೆಲಾ. ಡಿಪ್ ಬೆಳಕಿನಲ್ಲಿ ಡಾಂಬರು ರಸ್ತೆಯ ಕಾಂತಿಯೂ ಹೆಚ್ಚೆಂದರೆ ಹೆಚ್ಚು ಕಡಿಮೆ ಇಷ್ಟೇ. ಅಂದರೆ ರಸ್ತೆಯಷ್ಟೇ ಹೊಳಪಿನ ಪರದೆಯೊಂದು ರಸ್ತೆಯ ಮುಂದೆ ಬಂದಂತಾಯಿತು. ಎದುರಿನವನು ಹತ್ತು ಪಟ್ಟು ಬೆಳಕು ಬಿಟ್ಟರೆ ಪರದೆಯೂ ಹತ್ತು ಪಟ್ಟು ದಟ್ಟವಾಗುತ್ತದೆ.

ವಯಸ್ಸಾದಂತೆ ಕಣ್ಣಿನ ಮಸೂರ ಮಬ್ಬಾಗುವುದರಿಂದ ಈ ಪರದೆ ಇನ್ನೂ ದಪ್ಪವಾಗುತ್ತದೆ. ಬೆಳಕಿನ ಅಂತರರಾಷ್ಟ್ರೀಯ ಆಯೋಗ 2002ರಲ್ಲಿ ಪ್ರಕಟಿಸಿದ ಸೂತ್ರದ ಪ್ರಕಾರ ಎಪ್ಪತ್ತರ ವಯಸ್ಸಿನಲ್ಲಿ ಅದು ಹರೆಯದವರದಕ್ಕಿಂತ ಸುಮಾರು ಎರಡು ಪಟ್ಟು. 'ರಾತ್ರಿ ಹೊತ್ತು ಗಾಡಿ ಓಡಿಸಲು ಆಗುವುದಿಲ್ಲ' ಎಂದು ನಿಮ್ಮ ಮನೆಯ ಹಿರಿಯರು ಹೇಳಿದರೆ ಅದು ಅಂಜಿಕೆಯ ಮಾತಲ್ಲ, ಭೌತವಿಜ್ಞಾನದ ಮಾತು.

ಕಣ್ಣು ಚೇತರಿಸಿಕೊಳ್ಳಲು ಬೇಕಾಗುವ ಸಮಯ ಬೇರೆ. ಅದನ್ನು ಮೂರು ಸೆಕೆಂಡ್ ಎಂದಿಟ್ಟುಕೊಳ್ಳಿ. ಗಂಟೆಗೆ 60 ಕಿ.ಮೀ. ವೇಗದಲ್ಲಿ ಅಷ್ಟು ಹೊತ್ತಿನಲ್ಲಿ ವಾಹನ 50 ಮೀಟರ್ ಸಾಗಿರುತ್ತದೆ. ಈ 50 ಮೀಟರಿನಲ್ಲಿ ಯಾರಿರಬಹುದು ಯೋಚಿಸಿ. ಹೊಲದಿಂದ ಮನೆಗೆ ನಡೆದು ಹೊರಟವರು, ದೀಪವಿಲ್ಲದ ಸೈಕಲ್ಲಿನವರು, ಹಿಂದೆ ಒಂದು ಕೆಂಪು ಬಿಲ್ಲೆಯೂ ಇಲ್ಲದ ಎತ್ತಿನ ಗಾಡಿ, ಕಬ್ಬು ತುಂಬಿಕೊಂಡು ನಿಂತ ಟ್ರ್ಯಾಕ್ಟರ್. ಎದುರುಬದುರು ಬರುವ ಎರಡು ವಾಹನಗಳು ಪರಸ್ಪರ ಕಾಣುತ್ತಲೇ ಇರುತ್ತವೆ, ಅವು ಹೊಳೆಯುತ್ತಿರುತ್ತವಲ್ಲ! ಕಾಣದೆ ಹೋಗುವುದು ಅವೆರಡರ ನಡುವೆ, ಅಂಚಿನಲ್ಲಿ, ತನ್ನದೇ ಬೆಳಕಿಲ್ಲದೆ ನಡೆಯುತ್ತಿರುವ ಮನುಷ್ಯ.

ಹಾಗೆಂದು ಬೆಳಕನ್ನೇ ಕಡಿಮೆ ಮಾಡಿದರೆ? ಎರಡನೆಯ ಮಹಾಯುದ್ಧದ ಕಾಲದಲ್ಲಿ ಬ್ರಿಟನ್ನು ಇದನ್ನು ಅನಿವಾರ್ಯವಾಗಿ ಮಾಡಿ ನೋಡಿತು. 1939ರ ಸೆಪ್ಟೆಂಬರ್‌ನಿಂದ ಬೀದಿದೀಪಗಳು ಆರಿದವು, ಹೆಡ್‌ಲೈಟುಗಳಿಗೆ ಮುಸುಕು ಬಿತ್ತು. 1938ರಲ್ಲಿ 6,648 ಇದ್ದ ರಸ್ತೆ ಸಾವುಗಳ ಸಂಖ್ಯೆ 1941ರಲ್ಲಿ 9,169ಕ್ಕೆ ಏರಿತು. ಆ ದೇಶದ ಚರಿತ್ರೆಯಲ್ಲೇ ಅತಿ ಹೆಚ್ಚಿನ ಸಂಖ್ಯೆಯದು. ಅತಿಯೂ ಕೊಲ್ಲುತ್ತದೆ, ಕೊರತೆಯೂ ಕೊಲ್ಲುತ್ತದೆ.

ಧ್ರುವೀಕೃತ ಬೆಳಕಿನ ಕನಸು

ಈ ಇಕ್ಕಟ್ಟಿನಿಂದ ಪಾರಾಗಲು ಭೌತವಿಜ್ಞಾನ ಒಂದು ಅದ್ಭುತ ಪರಿಹಾರವನ್ನು ಸೂಚಿಸಿತ್ತು. ಅದು ಕೈಗೂಡದೆ ಹೋದ ಕಥೆಯೂ ನಮಗೆ ಪಾಠವೇ.

ಎಡ್ವಿನ್ ಲ್ಯಾಂಡ್ ಎಂಬ ಅಮೆರಿಕನ್ ತರುಣ 1926ರಲ್ಲಿ ಹಾರ್ವರ್ಡ್ ವಿಶ್ವವಿದ್ಯಾಲಯದ ಓದು ಬಿಟ್ಟು, ಅಗ್ಗದ ಧ್ರುವೀಕಾರಕವೊಂದನ್ನು ಮಾಡಲು ಹೊರಟ. ಅವನ ಮುಖ್ಯ ಗುರಿಯೇ ಹೆಡ್‌ಲೈಟಿನ ಕಣ್ಣು ಕುಕ್ಕುವಿಕೆಯನ್ನು ನಿವಾರಿಸುವುದಾಗಿತ್ತು. 1852ರಲ್ಲಿ ಹೆರಪಾತ್ ಎಂಬ ಇಂಗ್ಲಿಷ್ ವೈದ್ಯ ಕಂಡಿದ್ದ ಕ್ವಿನೈನ್–ಅಯೊಡಿನ್ ಹರಳುಗಳು ಬೆಳಕನ್ನು ಧ್ರುವೀಕರಿಸುತ್ತಿದ್ದವು. ಆದರೆ ದೊಡ್ಡ ಹರಳು ಬೆಳೆಸುವುದು ಕಷ್ಟ. ಲ್ಯಾಂಡ್ ಅತಿ ಸೂಕ್ಷ್ಮ ಹರಳುಗಳನ್ನು ಪಾರದರ್ಶಕ ಹಾಳೆಯಲ್ಲಿ ಒಂದೇ ದಿಕ್ಕಿಗೆ ಸಾಲಾಗಿ ನಿಲ್ಲಿಸಿದ. 1929ರಲ್ಲಿ ಪೇಟೆಂಟಿಗೆ ಅರ್ಜಿ ಹಾಕಿದ; 1937ರಲ್ಲಿ ಪೋಲರಾಯ್ಡ್ ಕಂಪೆನಿ ಸ್ಥಾಪನೆಯಾಯಿತು.

ಅವನ ಯೋಜನೆ ಹೀಗಿತ್ತು. ಪ್ರತಿ ವಾಹನದ ಹೆಡ್‌ಲೈಟಿಗೂ ಚಾಲಕನ ಮುಂದಿನ ಗಾಜಿಗೂ 45 ಡಿಗ್ರಿ ಓರೆಯಾಗಿ ಒಂದೇ ದಿಕ್ಕಿನ ಧ್ರುವೀಕಾರಕ ಹಾಳೆ ಹಾಕಬೇಕು. ನಿಮ್ಮ ದೀಪದ ಬೆಳಕು ರಸ್ತೆಗೆ ಬಿದ್ದು ಮರಳಿದಾಗ ಅದರ ಬಹುಭಾಗ ನಿಮ್ಮ ಗಾಜಿನ ಮೂಲಕ ಒಳಬರುತ್ತದೆ. ಎದುರಿನ ವಾಹನ ನಿಮ್ಮ ಕಡೆಗೆ ಮುಖ ಮಾಡಿದೆಯಷ್ಟೇ? ಹಾಗಾಗಿ ಅದರ ಓರೆ ನಿಮ್ಮ ಓರೆಗೆ ಸರಿಯಾಗಿ ಅಡ್ಡ ಬರುತ್ತದೆ. ಅದರ ಬೆಳಕು ನಿಮ್ಮ ಗಾಜನ್ನು ದಾಟದು. ಹೈ ಬೀಮ್ ಹಾಕಿಕೊಂಡೇ ಇಬ್ಬರೂ ಹಾಯಾಗಿ ಸಾಗಬಹುದು!

ಇಷ್ಟು ಚೆಂದದ ಉಪಾಯ ಏಕೆ ಬಳಕೆಗೆ ಬರಲಿಲ್ಲ? ಧ್ರುವೀಕಾರಕ ಅರ್ಧಕ್ಕಿಂತ ಹೆಚ್ಚು ಬೆಳಕನ್ನು ನುಂಗುವುದರಿಂದ ದೀಪದ ಶಕ್ತಿಯನ್ನು ಬಹಳ ಹೆಚ್ಚಿಸಬೇಕಿತ್ತು. ಮೊದಲು ಹಾಳೆ ಹಾಕಿಸಿಕೊಂಡವನಿಗೆ ಯಾವ ಲಾಭವೂ ಇರಲಿಲ್ಲ. ಎಲ್ಲ ವಾಹನಗಳಿಗೂ ಹಾಕಿದಾಗಲೇ ಅದರ ಪ್ರಯೋಜನ. ಇನ್ನು ನಡೆದು ಹೋಗುವವರ ಗತಿ? ಅವರ ಕಣ್ಣಿಗೆ ಯಾವ ಹಾಳೆಯೂ ಇಲ್ಲ, ಆದರೆ ದೀಪಗಳು ಮಾತ್ರ ಮೊದಲಿಗಿಂತ ಪ್ರಖರ. 1940ರ ದಶಕದ ಕೊನೆಯ ಹೊತ್ತಿಗೆ ಈ ಪ್ರಯತ್ನ ನಿಂತುಹೋಯಿತು. ಲ್ಯಾಂಡ್ 1947ರಲ್ಲಿ ತೋರಿಸಿದ ತಕ್ಷಣ ಚಿತ್ರ ಕೊಡುವ ಕ್ಯಾಮೆರಾದಿಂದ ಹೆಸರಾದ. ಅವನ ಹಾಳೆ ತಂಪು ಕನ್ನಡಕಕ್ಕೂ ನಮ್ಮ ಪ್ರಯೋಗಾಲಯಗಳಿಗೂ ಬಂದಿತು. ಹೆಡ್‌ಲೈಟಿಗೆ ಮಾತ್ರ ಬರಲಿಲ್ಲ. ತನ್ನ ದೀಪದಿಂದ ಬೇರೆಯವರಿಗಾಗುವ ತೊಂದರೆಯನ್ನು ತಪ್ಪಿಸಲು ತಾನೇ ಖರ್ಚು ಮಾಡಬೇಕು ಎಂದಾಗ ಯಾವ ತಂತ್ರಜ್ಞಾನವೂ ತಾನಾಗಿ ಹರಡುವುದಿಲ್ಲ. ಅಲ್ಲಿ ನಿಯಮವೋ ಸೌಜನ್ಯವೋ ಬೇಕಾಗುತ್ತದೆ.

ಮಂಜು ಮತ್ತು ಹಳದಿ ಬೆಳಕು

ಈಗ ಮಂಜು ದೀಪಕ್ಕೆ, ಅಂದರೆ ಫಾಗ್ ಲ್ಯಾಂಪಿಗೆ ಬರೋಣ. ಇದರ ಬಗ್ಗೆ ಇರುವಷ್ಟು ತಪ್ಪು ತಿಳಿವಳಿಕೆ ಬೇರೆ ದೀಪಗಳ ಬಗ್ಗೆ ಇಲ್ಲ.

ಮೊದಲನೆಯದು ಬಣ್ಣದ್ದು. 'ಹಳದಿ ಬೆಳಕು ಮಂಜನ್ನು ಭೇದಿಸುತ್ತದೆ' ಎಂಬ ಮಾತನ್ನು ನೀವು ಕೇಳಿರುತ್ತೀರಿ. ಇದಕ್ಕೆ ಆಧಾರವಾಗಿ ಹೇಳುವುದು 1871ರಲ್ಲಿ ರ‍್ಯಾಲೆ ಕೊಟ್ಟ ವಿವರಣೆಯನ್ನು. ಬೆಳಕಿನ ಅಲೆಯುದ್ದಕ್ಕಿಂತ ಬಹಳ ಚಿಕ್ಕ ಕಣಗಳು ನೀಲಿಯನ್ನು ಹೆಚ್ಚಾಗಿಯೂ ಕೆಂಪನ್ನು ಕಡಿಮೆಯಾಗಿಯೂ ಚದರಿಸುತ್ತವೆ, ಆಕಾಶ ನೀಲಿಯಾಗಿರುವುದು ಅದರಿಂದಲೇ ಎಂಬುದು ಆ ವಿವರಣೆ. ಅದು ಸರಿಯೇ. ಆದರೆ ಮಂಜಿನ ಹನಿಗಳು ಚಿಕ್ಕವಲ್ಲ. ಬೆಳಕಿನ ಅಲೆಯುದ್ದ 0.4ರಿಂದ 0.7 ಮೈಕ್ರೋಮೀಟರ್, ಮಂಜಿನ ಹನಿಯ ವ್ಯಾಸ ಕೆಲವು ಮೈಕ್ರೋಮೀಟರ್‌ನಿಂದ ಹತ್ತಾರು ಮೈಕ್ರೋಮೀಟರ್. ಇಷ್ಟು ದೊಡ್ಡ ಹನಿಗಳು ಎಲ್ಲ ಬಣ್ಣಗಳನ್ನೂ ಹೆಚ್ಚು ಕಡಿಮೆ ಸಮನಾಗಿ ಚದರಿಸುತ್ತವೆ ಎಂಬುದು 1908ರಲ್ಲಿ ಗುಸ್ತಾವ್ ಮೀ ಕೊಟ್ಟ ಸಿದ್ಧಾಂತದಿಂದ ತಿಳಿಯುತ್ತದೆ. ಇದಕ್ಕೆ ಪುರಾವೆ ಬೇಕೆಂದರೆ ಮಂಜನ್ನೇ ನೋಡಿ. ಅದು ನೀಲಿಯಾಗಿಲ್ಲ, ಬೆಳ್ಳಗಿದೆ!

ಫ್ರಾನ್ಸ್ ದೇಶವಂತೂ 1930ರ ದಶಕದ ಕೊನೆಯಿಂದ ಎಲ್ಲ ವಾಹನಗಳಿಗೂ ಹಳದಿ ಹೆಡ್‌ಲೈಟನ್ನು ಕಡ್ಡಾಯ ಮಾಡಿತ್ತು. ಕಣ್ಣು ಕುಕ್ಕುವುದು ಕಡಿಮೆಯಾಗುತ್ತದೆ ಎಂಬುದು ಒಂದು ಕಾರಣ. 1976ರಲ್ಲಿ ನೆದರ್ಲೆಂಡ್ಸ್‌ನ ರಸ್ತೆ ಸುರಕ್ಷತಾ ಸಂಶೋಧನಾ ಸಂಸ್ಥೆ ಬಿಳಿ ಮತ್ತು ಹಳದಿ ದೀಪಗಳನ್ನು ಹೋಲಿಸಿ, ಸುರಕ್ಷತೆಯ ದೃಷ್ಟಿಯಿಂದ ಹೇಳಿಕೊಳ್ಳುವಂಥ ವ್ಯತ್ಯಾಸವಿಲ್ಲ ಎಂದಿತು. ಐರೋಪ್ಯ ನಿಯಮಗಳೊಂದಿಗೆ ಹೊಂದಿಕೊಳ್ಳಲು ಫ್ರಾನ್ಸ್ 1993ರಲ್ಲಿ ಆ ಕಡ್ಡಾಯವನ್ನು ಕೈಬಿಟ್ಟಿತು. ನೀಲಿ ಅಂಶ ಹೆಚ್ಚಿರುವ ಬೆಳಕು ಕಣ್ಣಿಗೆ ಹೆಚ್ಚು ಹಿಂಸೆ ಕೊಡುತ್ತದೆ ಎಂಬುದು ನಿಜ. ಆದರೆ ಅದು ಮಂಜನ್ನು ಭೇದಿಸುವ ಮಾತಲ್ಲ.

ಎರಡನೆಯ ತಪ್ಪು ತಿಳಿವಳಿಕೆ ಶಕ್ತಿಯದು. ದೀಪ ಪ್ರಖರವಾದಷ್ಟೂ ಮಂಜಿನಲ್ಲಿ ದೂರ ಕಾಣುತ್ತದೆ ಎಂಬ ನಂಬಿಕೆ. ಬೆಳಕು ಇಂಥ ಮಾಧ್ಯಮದಲ್ಲಿ ಹೇಗೆ ಕುಂದುತ್ತದೆ ಎಂಬುದನ್ನು ಪಿಯರ್ ಬೂಗೇ 1729ರಲ್ಲೇ ಹೇಳಿದ್ದ. ಸಮಾನ ದೂರಗಳಲ್ಲಿ ಅದು ಸಮಾನ ಪ್ರಮಾಣದಲ್ಲಿ ಕುಂದುತ್ತದೆ. 1924ರಲ್ಲಿ ಜರ್ಮನಿಯ ಕೊಶ್ಮೀಡರ್ ಇದನ್ನು ದೃಗ್ಗೋಚರತೆಯ ದೂರಕ್ಕೆ ಸಂಬಂಧಿಸಿದ. 100 ಮೀಟರ್ ಮಾತ್ರ ಕಾಣುವ ಮಂಜನ್ನು ತೆಗೆದುಕೊಳ್ಳಿ. 50 ಮೀಟರ್ ಸಾಗುವಷ್ಟರಲ್ಲಿ ನಿಮ್ಮ ದೀಪದ ಬೆಳಕಿನಲ್ಲಿ ಉಳಿಯುವುದು ಶೇಕಡ 14. ಅಲ್ಲಿರುವ ಕಲ್ಲಿಗೋ ದನಕ್ಕೋ ತಗುಲಿ ಅದು ಅಷ್ಟೇ ದೂರ ಮರಳಿ ಬರಬೇಕಲ್ಲ? ಹೋಗಿ ಬರುವ ಹೊತ್ತಿಗೆ ಮಂಜು ಉಳಿಸುವುದು ಶೇಕಡ 2 ಮಾತ್ರ. ಈ ನಡುವೆ ಹತ್ತಿರದ ಹನಿಗಳಿಂದ ಚದರಿ ಕಣ್ಣಿಗೆ ಹಿಂದಿರುಗುವ ಬೆಳಕು ಧಾರಾಳವಾಗಿದೆ. ದೀಪದ ಶಕ್ತಿಯನ್ನು ನಾಲ್ಕು ಪಟ್ಟು ಮಾಡಿದರೆ ದನದಿಂದ ಬರುವ ಬೆಳಕು ನಾಲ್ಕು ಪಟ್ಟಾಗುತ್ತದೆ, ಮಂಜಿನ ಬಿಳಿ ಗೋಡೆಯೂ ನಾಲ್ಕು ಪಟ್ಟು ಬೆಳಗುತ್ತದೆ. ಎರಡರ ಅನುಪಾತ ಇದ್ದಲ್ಲಿಯೇ ಇರುತ್ತದೆ. ಕಣ್ಣು ವಸ್ತುವನ್ನು ಗುರುತಿಸುವುದು ಆ ಅನುಪಾತದಿಂದ.

ಶಕ್ತಿಯಿಂದ ಆಗದ ಕೆಲಸವನ್ನು ರೇಖಾಗಣಿತ ಮಾಡುತ್ತದೆ. ಮಂಜು ದೀಪದ ಗುಟ್ಟು ಅದು ಇರುವ ಜಾಗದಲ್ಲಿದೆ. ಅದನ್ನು ನೆಲಕ್ಕೆ ಹತ್ತಿರ ಕೂರಿಸುತ್ತಾರೆ. ಅಂತರರಾಷ್ಟ್ರೀಯ ನಿಯಮದಂತೆ ಕಾರುಗಳಲ್ಲಿ ಅದು 25 ಸೆಂಟಿಮೀಟರಿಗಿಂತ ಕೆಳಗೂ 80 ಸೆಂಟಿಮೀಟರಿಗಿಂತ ಮೇಲೂ ಇರುವಂತಿಲ್ಲ. ಅದರ ಬೆಳಕು ಅಗಲವಾಗಿ, ಚಪ್ಪಟೆಯಾಗಿ ಹರಡುತ್ತದೆ, ಮೇಲಂಚು ಕತ್ತರಿಸಿದಂತೆ ಇರುತ್ತದೆ. ನಿಮ್ಮ ಕಣ್ಣು ನೆಲದಿಂದ 1.2 ಮೀಟರ್ ಎತ್ತರದಲ್ಲಿದೆ, ನೀವು 15 ಮೀಟರ್ ಮುಂದಿನ ನೆಲವನ್ನು ನೋಡುತ್ತಿದ್ದೀರಿ ಎನ್ನಿ. ದೀಪ 30 ಸೆಂಟಿಮೀಟರ್ ಎತ್ತರದಲ್ಲಿದ್ದು ಬೆಳಕು ಅದಕ್ಕಿಂತ ಮೇಲೇಳದಿದ್ದರೆ, ನಿಮ್ಮ ನೋಟದ ರೇಖೆ ಮೊದಲ 11 ಮೀಟರ್‌ಗೂ ಹೆಚ್ಚು ದೂರ ಬೆಳಗದ ಮಂಜಿನ ಮೂಲಕ ಸಾಗುತ್ತದೆ. ಬೆಳಗಿದ ಮಂಜು ಅಡ್ಡ ಬರುವುದು ಕೊನೆಯ ನಾಲ್ಕು ಮೀಟರಿಗಿಂತ ಕಡಿಮೆ ದೂರದಲ್ಲಿ ಮಾತ್ರ. ಜೀಪಿನ ತಲೆಯ ಮೇಲಿನ ದೀಪದಲ್ಲಿ ಇದು ತಿರುವುಮುರುವು. ಅಲ್ಲಿ ಕಣ್ಣ ಮುಂದಿನ ಮೊದಲ ಮೀಟರುಗಳಿಂದಲೇ ಬಿಳಿ ಗೋಡೆ ಎದ್ದು ನಿಲ್ಲುತ್ತದೆ.

ಇದನ್ನು ನೀವೇ ಪರೀಕ್ಷಿಸಬಹುದು. ಆಗುಂಬೆಯಲ್ಲೋ ಮಡಿಕೇರಿಯಲ್ಲೋ ಮಂಜು ಕವಿದ ರಾತ್ರಿ ಒಂದು ಟಾರ್ಚನ್ನು ಕಣ್ಣಿನ ಪಕ್ಕದಲ್ಲಿ ಹಿಡಿದು ನೋಡಿ. ಬಳಿಕ ಅದನ್ನೇ ಮೊಣಕಾಲಿನ ಹತ್ತಿರ ಹಿಡಿದು ನೋಡಿ. ದೀಪ ಅದೇ, ಮಂಜು ಅದೇ. ಕಾಣುವುದರಲ್ಲಿ ಎಷ್ಟು ವ್ಯತ್ಯಾಸ!

ಮಂಜು ದೀಪ ಕೊಡುವುದು ಹತ್ತಿಪ್ಪತ್ತು ಮೀಟರ್‌ಗಳ ದಾರಿಯನ್ನು ಮತ್ತು ರಸ್ತೆಯ ಅಂಚುಗಳನ್ನು ಮಾತ್ರ. ಅದು ನಿಧಾನವಾಗಿ ಸಾಗುವವರ ದೀಪ. ವೇಗಕ್ಕೆ ಅದರಿಂದ ಸಹಾಯವಿಲ್ಲ. ನಿರ್ಮಲ ರಾತ್ರಿಯಲ್ಲಿ ಅದನ್ನು ಹಾಕಿದರೆ ಮುಂಬದಿಯ ನೆಲ ಅತಿಯಾಗಿ ಬೆಳಗಿ, ಕಣ್ಣು ಅದಕ್ಕೆ ಹೊಂದಿಕೊಂಡು, ದೂರದ ಕತ್ತಲೆಯನ್ನು ಗ್ರಹಿಸುವ ಶಕ್ತಿ ಕುಗ್ಗುತ್ತದೆ. ಮಳೆಯಲ್ಲಿ ಒದ್ದೆಯಾದ ರಸ್ತೆ ಕನ್ನಡಿಯಂತಾಗಿ ತಗ್ಗಿನ ದೀಪದ ಬೆಳಕನ್ನು ಎದುರಿನವರ ಕಣ್ಣಿಗೇ ಚಿಮ್ಮಿಸುತ್ತದೆ.

ಹಿಂಬದಿಯ ಕೆಂಪು ದೀಪ

ಮಂಜಿನಲ್ಲಿ ಕಾಣಿಸಿಕೊಳ್ಳುವುದು ನೋಡುವುದಕ್ಕಿಂತ ಸುಲಭ. ನಿಮ್ಮ ದೀಪದ ಬೆಳಕು ಇನ್ನೊಬ್ಬರ ಕಣ್ಣಿಗೆ ಒಂದೇ ಪಯಣ ಮಾಡಿದರೆ ಸಾಕು, ಹೋಗಿ ಬರಬೇಕಾಗಿಲ್ಲ. ಹಿಂದಿನ ಲೆಕ್ಕದಲ್ಲಿ ಶೇಕಡ 2ರ ಬದಲು ಶೇಕಡ 14! ಹಿಂಬದಿಯ ಮಂಜು ದೀಪದ ತತ್ತ್ವ ಇದು. ಹಿಂದಿನಿಂದ ಬಂದು ಗುದ್ದುವ ಸರಣಿ ಅಪಘಾತಗಳನ್ನು ತಪ್ಪಿಸಲು ಯೂರೋಪಿನಲ್ಲಿ ಇದು ಬಳಕೆಗೆ ಬಂದಿತು. ಬ್ರಿಟನ್ನಿನಲ್ಲಿ 1979ರ ಅಕ್ಟೋಬರಿನಿಂದ ತಯಾರಾದ ವಾಹನಗಳಿಗೆ ಕಡ್ಡಾಯವಾಯಿತು.

ಆದರೆ ಇಲ್ಲಿಯೂ ಅಡ್ಡ ಪರಿಣಾಮವಿದೆ. ನಿಯಮದಂತೆ ಸಾಮಾನ್ಯ ಹಿಂದೀಪಕ್ಕೆ ಕನಿಷ್ಠ 4 ಕ್ಯಾಂಡೆಲಾ, ಬ್ರೇಕ್ ದೀಪಕ್ಕೆ ಕನಿಷ್ಠ 60, ಹಿಂಬದಿಯ ಮಂಜು ದೀಪಕ್ಕೆ ಕನಿಷ್ಠ 150 ಕ್ಯಾಂಡೆಲಾ ಇರಬೇಕು. ಅಂದರೆ ಇದು ಬ್ರೇಕ್ ದೀಪಕ್ಕಿಂತಲೂ ಪ್ರಖರ, ಬಣ್ಣವೂ ಅದೇ ಕೆಂಪು. ಮಂಜಿಲ್ಲದಾಗ ಇದನ್ನು ಹಾಕಿಕೊಂಡು ಹೋದರೆ ಹಿಂದಿನವರ ಕಣ್ಣು ಕುಕ್ಕುವುದಲ್ಲದೆ, ನೀವು ಬ್ರೇಕ್ ಒತ್ತಿದ್ದು ಅವರ ಗಮನಕ್ಕೆ ತಡವಾಗಿ ಬರಬಹುದು. ಈ ಕಾರಣದಿಂದಲೇ ಇವೆರಡು ದೀಪಗಳ ನಡುವೆ ಕನಿಷ್ಠ 10 ಸೆಂಟಿಮೀಟರ್ ಅಂತರವಿರಬೇಕೆಂಬ ನಿಯಮವಿದೆ. ಜರ್ಮನಿಯಲ್ಲಿ ಮಂಜಿನಿಂದಾಗಿ 50 ಮೀಟರಿಗಿಂತ ಕಡಿಮೆ ಕಾಣುವಾಗ ಮಾತ್ರ ಇದನ್ನು ಬೆಳಗಿಸಬಹುದು. ಆಗ ವೇಗವೂ ಗಂಟೆಗೆ 50 ಕಿ.ಮೀ. ಮೀರುವಂತಿಲ್ಲ. ಬ್ರಿಟನ್ನಿನ ನಿಯಮದಲ್ಲಿ ಈ ದೂರ ಸಾಮಾನ್ಯವಾಗಿ 100 ಮೀಟರ್. ಮಂಜು ಸರಿದ ಕೂಡಲೇ ಆರಿಸಬೇಕೆಂಬುದು ಎರಡೂ ಕಡೆ ಒಂದೇ.

ನಮ್ಮ ರಸ್ತೆಗಳಲ್ಲಿ

ರಸ್ತೆ ಸಂಚಾರದ ಬಗ್ಗೆ 1968ರಲ್ಲಿ ವಿಯೆನ್ನಾ ಒಪ್ಪಂದವಾಯಿತು. ದಟ್ಟ ಮಂಜು, ಹಿಮಪಾತ, ಜೋರು ಮಳೆ ಅಥವಾ ಅಂಥ ಸ್ಥಿತಿಯಲ್ಲಿ ಮಾತ್ರ ಮಂಜು ದೀಪ ಬಳಸಬೇಕೆಂದು ಆ ಒಪ್ಪಂದ ಹೇಳುತ್ತದೆ. ನಮ್ಮ 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 106ನೆಯ ನಿಯಮದ ಪ್ರಕಾರ, ದೀಪದಿಂದ 8 ಮೀಟರ್ ಮುಂದೆ, ನೆಲದಿಂದ 1.5 ಮೀಟರ್ ಎತ್ತರದಲ್ಲಿರುವ ಕಣ್ಣನ್ನು ಕುಕ್ಕದಂತೆ ಬೆಳಕು ಕೆಳಕ್ಕೆ ಬಾಗಿರಬೇಕು, ಇಲ್ಲವೇ ಚಾಲಕ ಬಾಗಿಸುವಂತಿರಬೇಕು. ಮುಂಭಾಗದಲ್ಲಿ ಸ್ಪಾಟ್ ಲೈಟ್, ಸರ್ಚ್ ಲೈಟ್ ಹಾಕುವುದನ್ನು 111ನೆಯ ನಿಯಮ ನಿರ್ಬಂಧಿಸುತ್ತದೆ. ಹಿಂದೆ ಹೆಡ್‌ಲೈಟಿನ ಗಾಜಿನ ಮೇಲ್ಭಾಗಕ್ಕೆ ಕಪ್ಪು ಬಣ್ಣ ಬಳಿಯುತ್ತಿದ್ದುದು ನಿಮಗೆ ನೆನಪಿರಬಹುದು. ಅದು ಒರಟು ಉಪಾಯವಾಗಿತ್ತು, ನಿಜ. ಎದುರಿನವರ ಕಣ್ಣಿನ ಬಗ್ಗೆ ಯೋಚನೆ ಮಾಡಿದ್ದ ಉಪಾಯವಾಗಿತ್ತು ಎಂಬುದೂ ನಿಜ. 1990ರ ದಶಕದಲ್ಲಿ ಕ್ಸೆನಾನ್, 2007ರ ನಂತರ ಎಲ್‌ಇಡಿ ಹೆಡ್‌ಲೈಟುಗಳು ಬಂದ ಮೇಲೆ ಸಮಸ್ಯೆ ಮತ್ತೆ ಬಿಗಡಾಯಿಸಿತು. 2024ರಲ್ಲಿ ಕರ್ನಾಟಕದ ಪೊಲೀಸರು ಕಣ್ಣು ಕುಕ್ಕುವ ದೀಪಗಳ ವಿರುದ್ಧ ರಾಜ್ಯದಾದ್ಯಂತ ಪ್ರಕರಣ ದಾಖಲಿಸಲು ತೊಡಗಿದರು.

ಎದುರಿನ ವಾಹನವನ್ನು ಕ್ಯಾಮೆರಾದಿಂದ ಗುರುತಿಸಿ, ಅದರ ಮೇಲೆ ಬೀಳುವ ಬೆಳಕನ್ನು ಮಾತ್ರ ಆರಿಸುವ ದೀಪಗಳು ಈಗ ಬಂದಿವೆ. ಅಮೆರಿಕ 2022ರಲ್ಲಿ ಅವಕ್ಕೆ ಅನುಮತಿ ಕೊಟ್ಟಿತು. ಅವು ಎಲ್ಲ ವಾಹನಗಳಿಗೂ ಬರುವವರೆಗೆ ಈ ಕೆಲಸ ಚಾಲಕನ ಕೈಬೆರಳಿನದೇ.

ಹಾಗಾದರೆ ನಾವೇನು ಮಾಡಬಹುದು? ಮೊದಲು ನಿಮ್ಮ ದೀಪದ ಓರೆಯನ್ನು ನೋಡಿಕೊಳ್ಳಿ. ಸಮತಟ್ಟಾದ ನೆಲದಲ್ಲಿ ಗೋಡೆಯಿಂದ 10 ಮೀಟರ್ ದೂರದಲ್ಲಿ ವಾಹನ ನಿಲ್ಲಿಸಿ ಡಿಪ್ ಬೆಳಕು ಹಾಕಿ. ಬೆಳಕಿನ ಮೇಲಂಚು ದೀಪದ ಮಧ್ಯಬಿಂದುವಿನ ಎತ್ತರಕ್ಕಿಂತ ಸುಮಾರು 10 ಸೆಂಟಿಮೀಟರ್ ಕೆಳಗಿರಬೇಕು. ಅಂದರೆ ನೂರಕ್ಕೆ ಒಂದರ ಇಳಿಜಾರು. ಇದು ಎಷ್ಟು ನಾಜೂಕು ಎಂದರೆ, ಮುಂದಿನ ಮತ್ತು ಹಿಂದಿನ ಚಕ್ರಗಳ ನಡುವೆ 2.5 ಮೀಟರ್ ಅಂತರವಿರುವ ಕಾರಿನ ಹಿಂಭಾಗ ಸಾಮಾನಿನ ಭಾರಕ್ಕೆ 2.5 ಸೆಂಟಿಮೀಟರ್ ಕುಸಿದರೂ ಆ ಇಳಿಜಾರು ಪೂರ್ತಿ ಅಳಿದುಹೋಗುತ್ತದೆ. ಡಿಪ್ ಮಾಡಿದ್ದರೂ ಎದುರಿನವರು ನಿಮಗೆ ಏಕೆ ದೀಪ ಮಿಟುಕಿಸುತ್ತಾರೆ ಎಂಬುದು ಈಗ ತಿಳಿಯಿತಲ್ಲ? ಅನೇಕ ಕಾರುಗಳಲ್ಲಿ ಸ್ಟೀರಿಂಗಿನ ಪಕ್ಕ 0, 1, 2, 3 ಎಂದು ಬರೆದ ತಿರುಪು ಇರುವುದು ಇದಕ್ಕಾಗಿಯೇ. ಭಾರ ಹೆಚ್ಚಿದಾಗ ಅಂಕೆಯನ್ನು ಹೆಚ್ಚಿಸಿ.

ದೀಪದ ಗಾಜನ್ನೂ ಮುಂದಿನ ಗಾಜನ್ನೂ ಒರೆಸಿಡಿ. ಕೊಳೆಯೂ ಬೆಳಕನ್ನು ಚದರಿಸುತ್ತದೆ. ಕಂಪೆನಿ ಸೂಚಿಸಿದ ಬುರುಡೆಯನ್ನೇ ಹಾಕಿಸಿ. ಎದುರಿನ ವಾಹನ ಕಂಡೊಡನೆ ಡಿಪ್ ಮಾಡಿ. ಮುಂದಿನ ವಾಹನದ ಹಿಂದೆ ಹೋಗುವಾಗಲೂ ಮಾಡಿ, ಅವರ ಕನ್ನಡಿಯಲ್ಲಿ ನಿಮ್ಮ ದೀಪವೇ ತುಂಬಿರುತ್ತದೆ. ಎದುರಿನಿಂದ ನಡೆದು ಬರುವವರಿಗೂ ಸೈಕಲ್ಲಿನವರಿಗೂ ಡಿಪ್ ಮಾಡಿ. ಅವರು ದೀಪ ಮಿಟುಕಿಸಿ ನಿಮ್ಮನ್ನು ಕೇಳಿಕೊಳ್ಳಲಾರರು. ಮಂಜಿನಲ್ಲಿ ಡಿಪ್ ಬೆಳಕು ಮತ್ತು ಮಂಜು ದೀಪ ಹಾಕಿ, ಹೈ ಬೀಮ್ ಬೇಡ. ಕಾಣುವ ದೂರದೊಳಗೆ ನಿಲ್ಲಬಲ್ಲ ವೇಗದಲ್ಲಿ ಸಾಗಿ. ನಾಲ್ಕೂ ಸೂಚಕಗಳನ್ನು ಮಿನುಗಿಸುತ್ತ ಓಡಿಸಬೇಡಿ, ನೀವು ಯಾವ ಕಡೆ ತಿರುಗುತ್ತೀರಿ ಎಂಬುದು ಹಿಂದಿನವರಿಗೆ ತಿಳಿಯದೆ ಹೋಗುತ್ತದೆ. ಮಂಜು ಸರಿಯಿತೋ, ಮಂಜು ದೀಪವನ್ನು ಆರಿಸಿ.

ನಮ್ಮ ಲಾರಿಗಳ ಹಿಂಭಾಗದಲ್ಲಿ 'ರಾತ್ರಿ ಡಿಪ್ಪರ್ ಬಳಸಿ' ಎಂಬರ್ಥದ ಇಂಗ್ಲಿಷ್ ಸಾಲನ್ನು ದಶಕಗಳಿಂದ ಬರೆಯುತ್ತ ಬಂದಿದ್ದಾರೆ. ಓದಿ ಓದಿ ನಮಗೆ ಅದರ ಅರ್ಥವೇ ಮರೆತಂತಾಗಿದೆ. ಹಾಲಡೇ, ಸ್ಟೈಲ್ಸ್ ಮತ್ತು ಲ್ಯಾಂಡ್ ವರ್ಷಗಟ್ಟಲೆ ಬೆನ್ನುಹತ್ತಿದ ಸಮಸ್ಯೆಗೆ ಸದ್ಯಕ್ಕೆ ನಮ್ಮ ಬಳಿ ಇರುವ ಅತಿ ಅಗ್ಗದ ಪರಿಹಾರ ಆ ಸಾಲಿನಲ್ಲಿದೆ. ಮುಂದಿನ ಸಲ ರಾತ್ರಿ ಹೊರಟಾಗ ಅದನ್ನು ಪಾಲಿಸಿ ನೋಡುತ್ತೀರಲ್ಲವೇ?